ಪಕ್ಕೆ ಓದಿ, ಟಯರ್ ಕೊಳ್ಳಿ

ಮೇ ತಿಂಗಳ ಕೊನೆಯ ಸೋಮವಾರ, ಮೆಮೋರಿಯಲ್ ಡೇ ಬಂತೆಂದರೆ ಅಮೆರಿಕದಲ್ಲಿ ಟ್ರೇಲರ್ ಕಾಲ ಶುರುವಾದಂತೆ. ಕಾರಿನ ಬೆನ್ನಿಗೆ ಮನೆ ಕಟ್ಟಿಕೊಂಡು ಊರೂರು ಸುತ್ತುವ ಚಟ ಹತ್ತಿದ ಇಲ್ಲಿನ ಕನ್ನಡಿಗರು ಅದಕ್ಕೆ ಸ್ವಲ್ಪ ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: 'ಟಯರ್ ನೋಡಿದ್ರೆ ಹೊಸದರ ಥರಾನೇ ಇದೆ ಸಾರ್, ಬದಲಾಯಿಸಲೇಬೇಕಾ?'

ನೋಡಿದರೆ ಹೊಸದರಂತೆ ಇದ್ದೇ ಇರುತ್ತದೆ. ಟ್ರೇಲರಿನ ಟಯರ್ ಸವೆದು ಸಾಯುವುದು ಅಪರೂಪ. ವರ್ಷದ ಬಹುಭಾಗ ಮನೆ ಪಕ್ಕ ಬಿಸಿಲು ಕಾಯುತ್ತಾ ನಿಂತಿರುವ ಗಾಡಿ ಅದು. ರಬ್ಬರಿಗೆ ಬೆರೆಸಿರುವ ಮೇಣದಂಥ ವಸ್ತು ಚಕ್ರ ಉರುಳಿದಾಗಲಷ್ಟೇ ಸರಿಯಾಗಿ ಮೇಲಕ್ಕೆ ಬಂದು ಓಝೋನಿನಿಂದ ರಬ್ಬರನ್ನು ಕಾಯುತ್ತದೆ. ನಿಂತಲ್ಲೇ ನಿಂತ ಟಯರಿಗೆ ಆ ರಕ್ಷಣೆಯೂ ಇಲ್ಲ. ಹಾಗಾಗಿ ಗೆರೆಗಳ ಆಳ ಅಳೆಯುವುದನ್ನು ಬಿಟ್ಟು ಪಕ್ಕೆಯ ಮೇಲಿನ ಬರಹ ಓದಿ. 'ಡಿಒಟಿ' ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಟಯರಿನ ಜಾತಕ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಈ ಸಾಲು ಪೂರ್ತಿಯಾಗಿ ಎರಡೂ ಪಕ್ಕೆಯಲ್ಲಿ ಇರಬೇಕೆಂದಿಲ್ಲ. ನಿಮ್ಮ ದುರದೃಷ್ಟಕ್ಕೆ ಅದು ಒಳಮುಖವಾಗಿದ್ದರೆ ಟಾರ್ಚ್ ಹಿಡಿದು ಗಾಡಿಯಡಿ ಮಲಗಬೇಕು. ಮಲಗಿ. ಐದು ವರ್ಷ ದಾಟಿದ್ದರೆ ಹೊಸದಕ್ಕೆ ದುಡ್ಡು ಎತ್ತಿಡಿ; ಆರು ದಾಟಿದ್ದರೆ ಚರ್ಚೆ ಬೇಡ.

ಇನ್ನು ಯಾವ ಟಯರ್? ಕಾರಿನದು ಖಂಡಿತ ಬೇಡ. ಕಾರಣ ಕಣ್ಣಾರೆ ಕಾಣಬೇಕೆಂದರೆ, ಎರಡು ಆಕ್ಸಲ್‌ನ ಟ್ರೇಲರನ್ನು ಯಾರಾದರೂ ಕ್ಯಾಂಪಿನ ಇಕ್ಕಟ್ಟಿನಲ್ಲಿ ರಿವರ್ಸ್ ತಿರುಗಿಸುವಾಗ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿ. ಎರಡೂ ಆಕ್ಸಲ್ ನೆಟ್ಟಗೇ ಇರುತ್ತವೆ, ತಿರುಗುವುದು ಗಾಡಿ ಮಾತ್ರ. ಟಯರಿನ ತಳ ಜಲ್ಲಿಯನ್ನು ಕಚ್ಚಿ ಹಿಡಿದಿರುತ್ತದೆ, ಮೇಲಿನ ಡಿಸ್ಕ್ ಪಕ್ಕಕ್ಕೆ ಜಾರುತ್ತಿರುತ್ತದೆ. ನಡುವೆ ಪಕ್ಕೆ ಉಬ್ಬಿ ಮಡಿಚಿಕೊಳ್ಳುತ್ತದೆ, ಜಲ್ಲಿ ಕರಕರ ಎನ್ನುತ್ತದೆ. ಈ ತಿರುಚಾಟ ತಡೆಯಲೆಂದೇ ಪಕ್ಕೆ ಬಿಗಿಯಾಗಿ ಮಾಡಿದ ಟಯರುಗಳಿಗೆ ಅಳತೆಯ ಮುಂದೆ 'ಎಸ್‌ಟಿ' ಎಂದಿರುತ್ತದೆ.

ಆಮೇಲಿನದು ಭಾರದ ಲೆಕ್ಕ. ನನ್ನ ತಕರಾರು ಇರುವುದೇ ಇಲ್ಲಿ. ಮಧ್ಯಮ ಗಾತ್ರದ ಎಷ್ಟೋ ಟ್ರೇಲರುಗಳ ಕೆಳಗೆ 3,500 ಪೌಂಡಿನ ಎರಡು ಆಕ್ಸಲ್ ಇರುತ್ತವೆ, ಒಟ್ಟು 7,000. ಅವಕ್ಕೆ ಹಾಕಿ ಕೊಡುವ ಟಯರ್ ಹಲವು ಸಲ ಎಸ್‌ಟಿ205/75ಆರ್14, ಲೋಡ್ ರೇಂಜ್ 'ಸಿ'. 50 ಪಿಎಸ್‌ಐ ಗಾಳಿಯಲ್ಲಿ ಒಂದೊಂದು ಹೊರುವುದು 1,760 ಪೌಂಡ್, ನಾಲ್ಕೂ ಸೇರಿ 7,040. ಉಳಿದದ್ದು ಬರೀ 40 ಪೌಂಡ್! ಇಂಡಿಯನ್ ಸ್ಟೋರಿನ 20 ಪೌಂಡಿನ ಸೋನಾ ಮಸೂರಿ ಚೀಲ ಎರಡು ಇಟ್ಟರೆ ಮುಗಿಯಿತು. ಭಾರ ನಾಲ್ಕು ಚಕ್ರಕ್ಕೂ ಸಮನಾಗಿ ಬೀಳುವುದೂ ಇಲ್ಲ. ಫ್ರಿಜ್ಜು, ಒಲೆ, ನೀರಿನ ಟ್ಯಾಂಕು ಒಂದೇ ಮಗ್ಗುಲಿಗಿದ್ದರೆ ಆ ಕಡೆಯ ಟಯರ್ ಮಿತಿ ದಾಟಿರುತ್ತದೆ. ಅದೇ ಅಳತೆಯ 'ಡಿ' ರೇಂಜ್ 65 ಪಿಎಸ್‌ಐನಲ್ಲಿ 2,040 ಪೌಂಡ್ ಹೊರುತ್ತದೆ. ಬೆಲೆಯಲ್ಲಿ ಒಂದಿಷ್ಟು ಹೆಚ್ಚಾದರೂ ಕೊಡಿ. ಕೊಳ್ಳುವ ಮುನ್ನ ಡಿಸ್ಕಿಗೆ ಅಷ್ಟು ಗಾಳಿ ತಡೆಯುವ ತಾಕತ್ತಿದೆಯೇ ಎಂದು ನೋಡಿಸಿ. 80 ಪಿಎಸ್‌ಐನ 'ಇ' ರೇಂಜಿಗೆ ಹೋಗುವವರು ರಬ್ಬರ್ ವಾಲ್ವ್ ಕೀಳಿಸಿ ಲೋಹದ್ದು ಹಾಕಿಸಬೇಕು. ಊಹೆಯ ಮೇಲೆ ಲೆಕ್ಕ ಹಾಕುವುದಕ್ಕಿಂತ ಸಾಮಾನು ತುಂಬಿದ ಗಾಡಿಯನ್ನು ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ ಮೇಲೆ ಒಮ್ಮೆ ತೂಗಿಸಿಬಿಡಿ.

ಗಾಳಿ ಕಡಿಮೆಯಾದರೆ ಈ ಲೆಕ್ಕವೆಲ್ಲ ಸುಳ್ಳು. ಪಕ್ಕೆಯ ಮೇಲಿನ ಭಾರದ ಅಂಕಿ ಅಲ್ಲೇ ಬರೆದ ಗಾಳಿಗಷ್ಟೇ ನಿಜ. ಬೆಳಿಗ್ಗೆ ಟಯರ್ ತಣ್ಣಗಿರುವಾಗ ಹಿಡಿಸಿ. ಅರಿಜೋನಾದ ಮಧ್ಯಾಹ್ನ ಮೀಟರಿನಲ್ಲಿ ಏರಿತೆಂದು ಗಾಳಿ ಬಿಡುವವರಿದ್ದಾರೆ, ಅದು ತಪ್ಪು. ವೇಗದ ಅಕ್ಷರವಿಲ್ಲದ ಎಸ್‌ಟಿ ಟಯರನ್ನು ಗಂಟೆಗೆ 65 ಮೈಲಿಗೆಂದೇ ತಿಳಿಯಿರಿ. ಈಗ 75ಕ್ಕೆ 'ಎಲ್', 81ಕ್ಕೆ 'ಎಂ', 87ಕ್ಕೆ 'ಎನ್' ಎಂದು ಅಚ್ಚು ಹಾಕಿ ಮಾರುತ್ತಾರೆ. ಅಕ್ಷರ ಸಿಕ್ಕಿತೆಂದು ಅಷ್ಟು ಓಡಿಸುವುದು ಮೂರ್ಖತನ. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೇಲರ್ ಎಳೆಯುವವರಿಗೆ ಕಾನೂನೇ 55ರ ಮೇಲೆ ಬಿಡುವುದಿಲ್ಲ.

ಅಗ್ಗದ ಆಮದು ಟಯರುಗಳಿಗೆ ಇಲ್ಲಿನ ಟ್ರೇಲರ್ ಮಂದಿ 'ಚೈನಾ ಬಾಂಬ್' ಎಂದು ಅಡ್ಡಹೆಸರಿಟ್ಟಿದ್ದಾರೆ. ಅದರಲ್ಲಿ ಅರ್ಧ ನ್ಯಾಯವಿದೆ, ಅಷ್ಟೆ. ಹೆಚ್ಚು ಭಾರ, ಕಡಿಮೆ ಗಾಳಿ, ಮುಪ್ಪು ಮೂರೂ ಕೂಡಿದರೆ ಯಾವ ದೇಶದ ಟಯರೂ ಸಿಡಿಯುತ್ತದೆ. ಸಿಡಿದಾಗ ಟಯರೊಂದೇ ಹೋಗುವುದಿಲ್ಲ. ಕಿತ್ತುಬಂದ ರಬ್ಬರಿನ ಪಟ್ಟಿ ಚಾಟಿಯಾಗಿ ಬೀಸಿ ನೆಲ, ವೈರು, ಕೆಲವೊಮ್ಮೆ ಗ್ಯಾಸ್ ಪೈಪನ್ನೂ ಹರಿಯುತ್ತದೆ. ಎರಡು ಆಕ್ಸಲ್‌ನ ಗಾಡಿಯಲ್ಲಿ ಪಕ್ಕದ ಟಯರ್ ಅಷ್ಟೂ ಭಾರವನ್ನು ಹೊತ್ತು ಸಾಗುವುದರಿಂದ ಡ್ರೈವರಿಗೆ ಎಷ್ಟೋ ಹೊತ್ತು ಸುಳಿವೇ ಸಿಗದು. ಆ ಪಕ್ಕದ್ದನ್ನೂ ಆಮೇಲೆ ನಂಬಬೇಡಿ. ಗಾಳಿ ಇಳಿದರೆ ಎಚ್ಚರಿಸುವ ಸೆನ್ಸರ್ ಕಾರಿಗೆ ಕಡ್ಡಾಯ, ಟ್ರೇಲರಿಗಲ್ಲ. ವಾಲ್ವಿಗೆ ತಿರುಗಿಸಿ ಕೂರಿಸುವಂಥದ್ದನ್ನು ನೀವೇ ಕೊಂಡು ಹಾಕಿ.

ಹೆಸರು ಹೇಳಿ ಎಂದರೆ, ಗುಡ್‌ಇಯರ್ 2017ರಲ್ಲಿ ತಂದ ಎಂಡ್ಯುರೆನ್ಸ್ ನನ್ನ ಮೊದಲ ಆಯ್ಕೆ. ಕೈ ಬಿಗಿಯಿದ್ದವರಿಗೆ ಕಾರ್ಲೈಲ್ ರೇಡಿಯಲ್ ಟ್ರೇಲ್ ಎಚ್‌ಡಿ ಸಾಕು. ಯಾವುದನ್ನೇ ಕೊಂಡರೂ ಅಂಗಡಿಯಲ್ಲಿ ಡಿಸ್ಕಿಗೆ ಏರಿಸುವ ಮುಂಚೆ ತಯಾರಾದ ವಾರ ನೋಡಿ; ವರ್ಷದ ಹಿಂದಿನ ಸರಕಾದರೆ ವಾಪಸ್ ಮಾಡಿ. ನಾಲ್ಕರ ಜೊತೆ ಸ್ಟೆಪ್ನಿಯನ್ನೂ ಬದಲಾಯಿಸಿ, ಅದಕ್ಕೂ ಅಷ್ಟೇ ವಯಸ್ಸಾಗಿದೆ. ಹೊರಟು 50 ಮೈಲಿಯಾದ ಮೇಲೆ ಒಂದು ಕಡೆ ನಿಲ್ಲಿಸಿ ಟಾರ್ಕ್ ವ್ರೆಂಚ್ ಹಿಡಿದು ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ.