ದೇವುಡು ಅವರ ‘ಮಹಾ’ ಕಾದಂಬರಿಗಳು: ಪರದೆಗಿಂತ ಮೊದಲು ಕೈಗೆ ಸಿಗಲಿ

1975ರ ‘ಮಯೂರ’ ಚಿತ್ರ ನೋಡದ ಕನ್ನಡಿಗರು ಕಡಿಮೆ. ಆ ಕಥೆ ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯದು ಎಂದು ಬಲ್ಲವರು ಅದಕ್ಕಿಂತಲೂ ಕಡಿಮೆ. ರಾಜ್‌ಕುಮಾರ್ ಅವರ ಕದಂಬ ದೊರೆ ಮನೆಮಾತಾದ. ಅವನ ಕಥೆ ಬರೆದವರು ಕಪಾಟಿನಲ್ಲೇ ಉಳಿದರು. ದೇವುಡು ಅವರ ಹೆಚ್ಚಿನ ಸಾಧನೆಯಾದ ‘ಮಹಾಬ್ರಾಹ್ಮಣ’, ‘ಮಹಾಕ್ಷತ್ರಿಯ’, ‘ಮಹಾದರ್ಶನ’ ಕಾದಂಬರಿಗಳನ್ನು ವೆಬ್ ಸರಣಿ ಮಾಡಬಾರದೇಕೆ ಎಂದು ಕೇಳುವಾಗ ಈ ಅನುಭವ ನೆನಪಿರಬೇಕು.

ಇವನ್ನು ಪೌರಾಣಿಕ ಕಾದಂಬರಿಗಳು ಎನ್ನುವುದು ರೂಢಿ. ಇಂದಿನ ಓದುಗರಿಗೆ ಫ್ಯಾಂಟಸಿ ಎಂದರೂ ತಪ್ಪಾಗದು. ಮೊದಲನೆಯದರಲ್ಲಿ ವಸಿಷ್ಠರ ಹಸುವಿಗಾಗಿ ಹಟ ಹಿಡಿದ ರಾಜ ಕೌಶಿಕ, ಸೋತು ತಪಸ್ಸಿಗೆ ಕುಳಿತು ವಿಶ್ವಾಮಿತ್ರನಾಗುತ್ತಾನೆ. 1962ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಎರಡನೆಯದರಲ್ಲಿ ಮನುಷ್ಯನಾದ ನಹುಷ ಇಂದ್ರನ ಸಿಂಹಾಸನ ಏರುತ್ತಾನೆ. ಮೂರನೆಯದು ಯಾಜ್ಞವಲ್ಕ್ಯರ ಕಥೆ. ಪಾತ್ರಗಳು ಬೇರೆಯಾದರೂ ಮೂರನ್ನೂ ಹೆಣೆಯುವ ಪ್ರಶ್ನೆ ಒಂದೇ: ಮನುಷ್ಯ ಎಷ್ಟು ಎತ್ತರಕ್ಕೆ ಏರಬಲ್ಲ, ಅದಕ್ಕೆ ತೆರಬೇಕಾದ ಬೆಲೆ ಏನು?

ಪರದೆಯ ಮೇಲೆ ಇವು ನಿಲ್ಲುತ್ತವೆಯೇ? ಮೇಲ್ನೋಟಕ್ಕೆ ಎಲ್ಲವೂ ಇದೆ. ತ್ರಿಶಂಕುವಿನ ಸ್ವರ್ಗವಿದೆ, ಮೇನಕೆಯಿದ್ದಾಳೆ, ವೃತ್ರನಿದ್ದಾನೆ, ಋಷಿಗಳು ಹೊತ್ತ ಪಲ್ಲಕ್ಕಿಯಿದೆ. ಗ್ರಾಫಿಕ್ಸ್ ತಂಡಕ್ಕೆ ಹಬ್ಬವೇ ಸರಿ. ಅಪಾಯ ಇರುವುದೂ ಅಲ್ಲೇ. ದೇವುಡು ಅವರಲ್ಲಿ ನಿಜವಾದ ಅದ್ಭುತ ನಡೆಯುವುದು ಮಾತಿನಲ್ಲಿ ಮತ್ತು ಮೌನದಲ್ಲಿ. ಸಿಟ್ಟನ್ನು ಗೆಲ್ಲಲಾರದ ಒಬ್ಬ ಮನುಷ್ಯ ಮತ್ತೆ ಮತ್ತೆ ತನ್ನ ತಪಸ್ಸನ್ನು ಕಳೆದುಕೊಂಡು, ಮತ್ತೆ ಮೊದಲಿಂದ ಶುರು ಮಾಡುತ್ತಾನೆ. ಬಾಣಗಳ ಬೆಂಕಿ ತೋರಿಸಿ ಈ ಸೋಲನ್ನು ಬಿಟ್ಟರೆ ಕಾದಂಬರಿಯನ್ನೇ ಬಿಟ್ಟಂತೆ.

ವಿಶ್ವಾಮಿತ್ರ ನಮ್ಮ ಪರದೆಗೆ ಹೊಸಬನಲ್ಲ. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಅವನು ರಾಜನನ್ನು ಕಾಡುವವನು. 1991ರಲ್ಲಿ ಎನ್.ಟಿ. ರಾಮರಾವ್ ತಾವೇ ನಿರ್ದೇಶಿಸಿ, ನಟಿಸಿ ತೆಲುಗಿನಲ್ಲಿ ‘ಬ್ರಹ್ಮರ್ಷಿ ವಿಶ್ವಾಮಿತ್ರ’ ಮಾಡಿದರು. ಒಂದೇ ಸಿನಿಮಾದಲ್ಲಿ ಇಡೀ ಜೀವನವನ್ನು ಹಿಡಿಯಹೊರಟರೆ ಘಟನೆಗಳಷ್ಟೇ ಸಾಲುಗಟ್ಟುತ್ತವೆ. ಎಂಟೋ ಹತ್ತೋ ಕಂತುಗಳ ಸರಣಿಗೆ ಮಾತ್ರ ಒಂದು ವಾದವನ್ನು ಪೂರ್ತಿ ಕೇಳಿಸಿಕೊಳ್ಳುವ ವ್ಯವಧಾನವಿದೆ. ಹಾಗೆಂದು ಕಾದಂಬರಿಗಳಿಗೆ ಕತ್ತರಿ ಬೇಡವೆಂದಲ್ಲ. ಯಜ್ಞದ ವಿವರಗಳು ಕೆಲವೆಡೆ ಕಥೆಯನ್ನು ನಿಲ್ಲಿಸಿಬಿಡುತ್ತವೆ. ‘ಮಹಾಬ್ರಾಹ್ಮಣ’ ಎಂಬ ಹೆಸರೇ ಇಂದು ಹಲವರನ್ನು ದೂರವಿಡಬಹುದು. ಆದರೆ ಹುಟ್ಟಿನಿಂದ ಬಾರದ್ದನ್ನು ದುಡಿದು ಪಡೆದವನ ಕಥೆಯದು. ಚಿತ್ರಕಥೆ ಬರೆಯುವವರು ಈ ಎಳೆಯನ್ನು ಹಿಡಿಯಬೇಕು.

ಹಕ್ಕುಸ್ವಾಮ್ಯ ಈಗ ದೊಡ್ಡ ಅಡ್ಡಿಯಲ್ಲ. ದೇವುಡು ತೀರಿಕೊಂಡದ್ದು 1962ರಲ್ಲಿ. ನಮ್ಮ ಕಾನೂನಿನಂತೆ ಲೇಖಕರು ಬದುಕಿದ್ದಾಗ ಪ್ರಕಟವಾದ ಕೃತಿಗಳ ಹಕ್ಕು ಅವರ ಮರಣದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಅಂದರೆ 2022ರ ಕೊನೆಗೆ ಮುಗಿಯಿತು. ಮರಣದ ನಂತರ ಮೊದಲು ಅಚ್ಚಾದ ಕೃತಿಗಳಿಗೆ ಆ 60 ವರ್ಷವನ್ನು ಪ್ರಕಟಣೆಯಿಂದ ಎಣಿಸಬೇಕು.

ಕಾನೂನು ಬಾಗಿಲು ತೆರೆದರೂ ಪುಸ್ತಕ ತಾನಾಗಿ ಊರಿಗೆ ಬರುವುದಿಲ್ಲ. ಮರುಮುದ್ರಣಗಳು ಬಂದಿವೆ, ಆದರೆ ಅವು ಬೆಂಗಳೂರಿನ ಅಂಗಡಿಗಳನ್ನು ದಾಟುವುದು ಅಪರೂಪ. ಅಂತರ್ಜಾಲದಲ್ಲಿ ಸಿಗುವ ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ಫೋನಿನಲ್ಲಿ ಓದುವುದು ಕಣ್ಣಿಗೆ ಶಿಕ್ಷೆ. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ವಿದ್ಯಾರ್ಥಿಯನ್ನೇ ನೆನೆಯಿರಿ. ಭೀಮ ಬಕಾಸುರನನ್ನು ಕೊಂದ ಊರು ತಮ್ಮ ಕೈವಾರವೇ ಎಂದು ಅಲ್ಲಿನವರು ಹೇಳುತ್ತಾರೆ. ಪುರಾಣ ಅಲ್ಲಿ ಮಣ್ಣಿನಲ್ಲೇ ಇದೆ. ಮನೆಮಾತು ಕನ್ನಡವೋ ತೆಲುಗೋ, ರಾಮರಾವ್ ಅವರ ವಿಶ್ವಾಮಿತ್ರ ಅಲ್ಲಿ ಸುಲಭವಾಗಿ ಸಿಗುತ್ತಾನೆ. ದೇವುಡು ಅವರ ವಿಶ್ವಾಮಿತ್ರ ಸಿಗುವುದಿಲ್ಲ.

ಆದ್ದರಿಂದ ಮೊದಲ ಕೆಲಸ ನಿರ್ಮಾಪಕರದ್ದಲ್ಲ, ಪ್ರಕಾಶಕರದ್ದು ಮತ್ತು ಕಾಲೇಜುಗಳದ್ದು. ತಪ್ಪು ತಿದ್ದಿದ ಪಠ್ಯ, ಕಷ್ಟ ಪದಗಳಿಗೆ ಪುಟ್ಟ ಅರ್ಥಕೋಶ, ಫೋನಿನಲ್ಲಿ ಓದಬಹುದಾದ ಯೂನಿಕೋಡ್ ಆವೃತ್ತಿ, ಕೈಗೆಟಕುವ ಬೆಲೆ: ಇಷ್ಟಾದರೆ ಸಾಕು. ಓದಿದವರು ಇದ್ದಾಗ ಮಾತ್ರ ಪರದೆಯ ಮೇಲೆ ಏನು ಉಳಿಯಿತು, ಏನು ಹೋಯಿತು ಎಂದು ಕೇಳುವವರು ಇರುತ್ತಾರೆ. ‘ಮಯೂರ’ಕ್ಕೆ ಸಿಗದೇ ಹೋದ ಆ ಓದುಗರು ಈ ಮೂರಕ್ಕಾದರೂ ಸಿಗಬೇಕು.