ಒಂದೇ ಬಿಂದುವಿನತ್ತ: ಗ್ರಹದ ವಿಕಾಸ ಮತ್ತು ಮನುಷ್ಯನ ಗುರಿ

ಭೂಮಿಯ ಚರಿತ್ರೆ ಸುಮಾರು 450 ಕೋಟಿ ವರ್ಷಗಳದು. ನಮ್ಮ ಮನುಷ್ಯಪ್ರಭೇದದ ಚರಿತ್ರೆ ಸುಮಾರು 3 ಲಕ್ಷ ವರ್ಷಗಳದು. ಇಷ್ಟು ತಡವಾಗಿ ಬಂದ ಜೀವಿಗೆ ಗ್ರಹದ ವಿಕಾಸದಲ್ಲಿ ಒಂದು ಗುರಿಯಿದೆಯೇ ಎಂಬ ಪ್ರಶ್ನೆಯನ್ನು ಕಳೆದ ಶತಮಾನದ ಇಬ್ಬರು ಲೇಖಕರು ಪೂರ್ಣಪ್ರಮಾಣದ ಗ್ರಂಥಗಳಲ್ಲಿ ಎದುರಿಸಿದರು. ಒಬ್ಬರು ಫ್ರಾನ್ಸಿನ ಜೆಸ್ಯೂಟ್ ಪಾದ್ರಿ, ಪ್ರಾಗ್ಜೀವವಿಜ್ಞಾನಿ ತೆಯಾರ್ ದ ಶಾರ್ದಾನ್ (1881–1955). ಮತ್ತೊಬ್ಬರು ಇಂಗ್ಲೆಂಡಿನ ಕಾದಂಬರಿಕಾರ, ತತ್ತ್ವಶಾಸ್ತ್ರಜ್ಞ ಓಲಾಫ್ ಸ್ಟೇಪಲ್‌ಡನ್ (1886–1950). ಮೊದಲ ಮಹಾಯುದ್ಧದಲ್ಲಿ ಇಬ್ಬರೂ ಗಾಯಾಳುಗಳನ್ನು ಸಾಗಿಸುವ ಕೆಲಸದಲ್ಲಿದ್ದರು. ಇವರು ಕೊಟ್ಟ ಉತ್ತರಗಳನ್ನು ಒಟ್ಟಿಗೆ ಓದಿದಾಗ, ಸಣ್ಣ ಭಾಷಾಸಮುದಾಯಗಳಿಗೆ ನೇರವಾಗಿ ಸಂಬಂಧಿಸಿದ ಒಂದು ತೊಡಕು ಕಾಣುತ್ತದೆ.

ತೆಯಾರರ 'ದಿ ಫಿನಾಮಿನನ್ ಆಫ್ ಮ್ಯಾನ್' ಚರ್ಚಿನ ಅನುಮತಿ ಸಿಗದೆ ಅವರ ಮರಣಾನಂತರ 1955ರಲ್ಲಿ ಫ್ರೆಂಚಿನಲ್ಲಿ ಪ್ರಕಟವಾಯಿತು. ಶಿಲೆಯ ವಲಯದ ಮೇಲೆ ಜೀವವಲಯ, ಜೀವವಲಯದ ಮೇಲೆ ಚಿಂತನೆಯ ವಲಯ ('ನೂಸ್ಫಿಯರ್') ಎಂದು ಭೂಮಿ ಪದರಪದರವಾಗಿ ಬೆಳೆಯುತ್ತದೆ ಎಂಬುದು ಅದರ ಪ್ರಮೇಯ. ಭೂಮಿ ದುಂಡಗಿರುವುದರಿಂದ ಮನುಷ್ಯರು ಚದುರುತ್ತ ಹೋದಂತೆ ಕೊನೆಗೆ ಪರಸ್ಪರ ಒತ್ತರಿಸಿಕೊಳ್ಳಲೇಬೇಕು. ಧ್ರುವದಿಂದ ಹೊರಟ ರೇಖಾಂಶಗಳು ಸಮಭಾಜಕದವರೆಗೆ ಅಗಲುತ್ತ ಹೋಗಿ, ಎದುರಿನ ಧ್ರುವದಲ್ಲಿ ಮತ್ತೆ ಕೂಡುವಂತೆ, ಮನುಷ್ಯಚೇತನಗಳೆಲ್ಲ 'ಒಮೇಗಾ' ಎಂಬ ಬಿಂದುವಿನಲ್ಲಿ ಸೇರುತ್ತವೆ.

ಈ ಗ್ರಂಥ ತನ್ನನ್ನು ವಿಜ್ಞಾನವೆಂದು ಕರೆದುಕೊಂಡದ್ದನ್ನು ಜೀವವಿಜ್ಞಾನಿ ಪೀಟರ್ ಮೆಡವಾರ್ 1961ರ ವಿಮರ್ಶೆಯಲ್ಲಿ ಕಟುವಾಗಿ ಖಂಡಿಸಿದರು. ಆ ಖಂಡನೆ ಬಹುಮಟ್ಟಿಗೆ ಸರಿಯಾದರೂ ಗ್ರಂಥದ ಆಕರ್ಷಣೆ ಅದರಿಂದ ತಗ್ಗಲಿಲ್ಲ. ಏಕೆಂದರೆ ಓದುಗರನ್ನು ಹಿಡಿದಿಟ್ಟದ್ದು ಅದರ ಪುರಾವೆಗಿಂತ ಹೆಚ್ಚಾಗಿ ಅದರ ರೂಪಕ. ಆದ್ದರಿಂದ ಪರೀಕ್ಷೆಯೂ ರೂಪಕದ ಮಟ್ಟದಲ್ಲಿಯೇ ನಡೆಯಬೇಕು.

ತೆಯಾರರ ಪರವಾಗಿ ಒಂದು ಮಾತು ಹೇಳಲೇಬೇಕು. ನಿಜವಾದ ಐಕ್ಯ ಭಿನ್ನತೆಯನ್ನು ಅಳಿಸದೆ ಹೆಚ್ಚಿಸುತ್ತದೆ ಎಂಬುದು ಅವರ ಮೂಲತತ್ತ್ವಗಳಲ್ಲೊಂದು: ದೇಹದ ಜೀವಕೋಶಗಳು ಕೂಡಿದಷ್ಟೂ ತಮ್ಮ ವೈಶಿಷ್ಟ್ಯವನ್ನು ಪಡೆಯುತ್ತವೆ. ಆದರೆ ಇತಿಹಾಸದ ವಿವರಕ್ಕಿಳಿದ ಕೂಡಲೇ ಈ ತತ್ತ್ವ ಹಿಂದೆ ಸರಿಯುತ್ತದೆ. ಮಾನವವಿಕಾಸದ ಮುಖ್ಯ ಅಕ್ಷ ಪಶ್ಚಿಮದ ಮೂಲಕ ಹಾದಿದೆ ಎಂದು ಅವರು ನಿರ್ಣಯಿಸುತ್ತಾರೆ. ಭಾರತ ತತ್ತ್ವಮೀಮಾಂಸೆಯಲ್ಲಿ ದಾರಿ ತಪ್ಪಿತು ಎನ್ನುತ್ತಾರೆ. ಎಲ್ಲ ಜನಾಂಗಗಳೂ ಇನ್ನು ತಮ್ಮ ಆಸೆ, ಸಮಸ್ಯೆಗಳನ್ನು ಪಶ್ಚಿಮದ ಪರಿಭಾಷೆಯಲ್ಲಿಯೇ ರೂಪಿಸಿಕೊಳ್ಳಬೇಕಾಗುತ್ತದೆ ಎಂದೂ ಹೇಳುತ್ತಾರೆ. ಎಲ್ಲರೂ ಸೇರುವ ಬಿಂದುವಿಗೆ ಹೀಗೆ ಒಂದು ವಿಳಾಸ ಸಿಕ್ಕಿಬಿಡುತ್ತದೆ. ಹಾದಿಯಲ್ಲಿ ನಾಶವಾದವರ ಲೆಕ್ಕಕ್ಕೆ, ಕೆಡುಕಿನ ಪ್ರಶ್ನೆಗೆ, ಈ ದೊಡ್ಡ ಗ್ರಂಥದಲ್ಲಿ ಪ್ರತ್ಯೇಕವಾಗಿ ಮೀಸಲಾದದ್ದು ಕೊನೆಯ ಒಂದು ಚಿಕ್ಕ ಅನುಬಂಧ ಮಾತ್ರ.

ಸ್ಟೇಪಲ್‌ಡನ್ನರ 'ಲಾಸ್ಟ್ ಅಂಡ್ ಫಸ್ಟ್ ಮೆನ್' (1930) ಇದಕ್ಕಿಂತ ಉದ್ದದ ಕಾಲಪಟವನ್ನು ಹರಡುತ್ತದೆ: 200 ಕೋಟಿ ವರ್ಷಗಳು, ಒಂದರ ನಂತರ ಒಂದಾಗಿ ಹದಿನೆಂಟು ಮಾನವಪ್ರಭೇದಗಳು. ನಾವು ಅವರಲ್ಲಿ ಮೊದಲನೆಯವರು. ಕೊನೆಯವರು ನೆಪ್ಚೂನ್ ಗ್ರಹದಲ್ಲಿದ್ದು ಅಲ್ಲಿಂದ ಈ ಕಥೆ ಹೇಳುತ್ತಾರೆ. ಪ್ರತಿ ಪ್ರಭೇದವೂ ತನ್ನದೇ ಶಿಖರವನ್ನು ತಲುಪಿ ಅಳಿಯುತ್ತದೆ ಅಥವಾ ಬದಲಾಗುತ್ತದೆ. ಭೂಮಿ ವಾಸಯೋಗ್ಯವಾಗಿ ಉಳಿಯದಾದಾಗ ಐದನೆಯ ಮಾನವರು ಶುಕ್ರಗ್ರಹವನ್ನು ತಮಗೆ ಒಗ್ಗುವಂತೆ ಮಾರ್ಪಡಿಸುತ್ತಾರೆ. ಆ ಕಾರ್ಯದಲ್ಲಿ ಅಲ್ಲಿನ ಸಮುದ್ರವಾಸಿ ಬುದ್ಧಿಜೀವಿಗಳನ್ನು ನಿರ್ಮೂಲ ಮಾಡುತ್ತಾರೆ. ಕಥನ ಈ ಹತ್ಯೆಯನ್ನು ಅನುಬಂಧಕ್ಕೆ ತಳ್ಳುವುದಿಲ್ಲ. ಅದರ ಪಾಪಪ್ರಜ್ಞೆ ಕೊಂದವರ ಮನಸ್ಸನ್ನೇ ಕೆಡಿಸುವುದನ್ನು ದಾಖಲಿಸುತ್ತದೆ. ಕೊನೆಯ ಮಾನವರಿಗೂ ಸಾಮೂಹಿಕ ಮನಸ್ಸಿದೆ. ಆದರೆ ಅದನ್ನು ಅವರು ತೊಡಗಿಸುವ ಮುಖ್ಯ ಕೆಲಸಗಳಲ್ಲೊಂದು ಹಿಂದೆ ಬದುಕಿ ಹೋದವರ ಅನುಭವದೊಳಕ್ಕೆ ಪ್ರವೇಶಿಸುವುದು. ಇಲ್ಲಿ ಮನುಷ್ಯನಿಗೆ ಖಚಿತ ಗುರಿಯಿಲ್ಲ, ಹೊಣೆಯಿದೆ.

ಈ ಎರಡು ಕಲ್ಪನೆಗಳ ಅಂತರ ಕನ್ನಡಕ್ಕೆ ಅನುವಾದಿಸುವಾಗ ಸ್ಪಷ್ಟವಾಗುತ್ತದೆ. ತೆಯಾರರ ಮುಖ್ಯ ಪದಕ್ಕೆ 'ಸಂಗಮ' ಎನ್ನಬೇಕೆ, 'ವಿಲೀನ' ಎನ್ನಬೇಕೆ? ಕಾಸರಗೋಡಿನವರು ಎರಡು ಪದಗಳನ್ನೂ ಬದುಕಿನಿಂದಲೇ ಬಲ್ಲರು. ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಕೂಡಿರುವ ನೆಲವನ್ನು ಅವರು ಸಪ್ತಭಾಷಾ ಸಂಗಮಭೂಮಿ ಎನ್ನುತ್ತಾರೆ. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಕರ್ನಾಟಕಕ್ಕೆ ಸೇರಬೇಕೆಂದು ನಡೆದ ಹೋರಾಟಕ್ಕೆ ಇದ್ದ ಹೆಸರು 'ವಿಲೀನೀಕರಣ'. ಅಲ್ಲಿ ಆ ಪದ ಸೋಲಿನದಾಗಿರಲಿಲ್ಲ. ಸೇರಬೇಕಾದವರು ತಾವೇ ಎತ್ತಿದ ಬೇಡಿಕೆಯಾಗಿತ್ತು. ಯಾರು, ಯಾವುದರಲ್ಲಿ, ಯಾರ ಸಮ್ಮತಿಯಿಂದ ಕೂಡುತ್ತಾರೆ ಎಂಬುದು ಪದದ ಅರ್ಥವನ್ನೇ ಬದಲಿಸುತ್ತದೆ. ತೆಯಾರರ ಗ್ರಂಥ ಕೇಳದೆ ಬಿಟ್ಟದ್ದು ಈ ಪ್ರಶ್ನೆಯನ್ನು. ದುಂಡಗಿನ ಭೂಮಿಯ ಒತ್ತಡವನ್ನೇ ಅದು ಸಮ್ಮತಿಯ ಸ್ಥಾನದಲ್ಲಿ ಇರಿಸಿತು.

ಗ್ರಹದ ಹೆಸರಿನಲ್ಲಿ ಮಾತನಾಡುವ ಬರಹ ಇಂದು ಮತ್ತೆ ಹೆಚ್ಚಿದೆ. ಜೇಮ್ಸ್ ಲವ್‌ಲಾಕ್ ತಮ್ಮ 'ನೊವಾಸೀನ್' (2019) ಗ್ರಂಥದಲ್ಲಿ ಮನುಷ್ಯನನ್ನು ಮುಂದಿನ ಯಂತ್ರಬುದ್ಧಿಯ ಜನಕನನ್ನಾಗಿ ಕಾಣುತ್ತಾರೆ. ಇಂಥ ಬರಹಗಳಲ್ಲಿ 'ಮನುಷ್ಯ' ಎಂಬ ಏಕವಚನ ಬಂದಾಗಲೆಲ್ಲ ಅದರೊಳಗೆ ಯಾರ ಭಾಷೆ ಮಾತನಾಡುತ್ತಿದೆ ಎಂದು ಕೇಳುವುದು ವಿಮರ್ಶೆಯ ಕೆಲಸ. ಆ ಪ್ರಶ್ನೆಯನ್ನು ಕೇಳಲು ಬಹುಭಾಷಿಕ ಗಡಿನಾಡಿನ ಓದುಗರಿಗೆ ಸಿದ್ಧತೆ ಬೇಕಿಲ್ಲ. ನ್ಯಾಯಾಲಯದಲ್ಲಿ, ಶಾಲೆಯಲ್ಲಿ, ಪಡಿತರದ ಅರ್ಜಿಯಲ್ಲಿ ಅದು ಅವರಿಗೆ ರೂಢಿಯಾಗಿದೆ.