ಎಲಿನರ್ ಆರಾಮಾಗಿದ್ದಾಳಂತೆ

ಶುಕ್ರವಾರ ಸಂಜೆ ಆಫೀಸು ಬಿಟ್ಟ ಎಲಿನರ್ ಆಲಿಫಂಟ್ ಟೆಸ್ಕೊ ಅಂಗಡಿಗೆ ಹೋಗಿ ಒಂದು ಪಿಜ್ಜಾ, ವೈನು, ಎರಡು ದೊಡ್ಡ ಬಾಟಲಿ ವೋಡ್ಕಾ ಕೊಳ್ಳುತ್ತಾಳೆ. ವೋಡ್ಕಾವನ್ನು ಎರಡು ದಿನಕ್ಕೆ ಹಂಚಿಕೊಂಡು, ಅಮಲು ಪೂರ್ತಿ ಏರದ, ಪೂರ್ತಿ ಇಳಿಯದ ಒಂದು ಹದದಲ್ಲಿ ಸೋಮವಾರದ ತನಕ ದಾಟಿಸುತ್ತಾಳೆ. ನಡುವೆ ಒಂದು ನರಪಿಳ್ಳೆಯ ಜೊತೆಗೂ ಮಾತಿಲ್ಲ. ಮೂವತ್ತರ ಹತ್ತಿರದ ಹೆಂಗಸು. ಒಂದೇ ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತ ಒಂಬತ್ತು ವರ್ಷ. ಯಾರಾದರೂ ಕೇಳಿದರೆ ತಾನು ಆರಾಮಾಗಿದ್ದೇನೆ ಎನ್ನುತ್ತಾಳೆ.

ಗೇಲ್ ಹನಿಮನ್ ಅವರ ಮೊದಲ ಕಾದಂಬರಿ 'ಎಲಿನರ್ ಆಲಿಫಂಟ್ ಈಸ್ ಕಂಪ್ಲೀಟ್ಲಿ ಫೈನ್' 2017ರಲ್ಲಿ ಬಂತು, ಆ ವರ್ಷದ ಕೋಸ್ಟಾ ಚೊಚ್ಚಲ ಕಾದಂಬರಿ ಪ್ರಶಸ್ತಿ ಪಡೆಯಿತು. ಕತೆ ನಡೆಯುವುದು ಗ್ಲಾಸ್ಗೋದಲ್ಲಿ. ವಾರಾಂತ್ಯವಿಡೀ ಯಾರೊಡನೆಯೂ ಮಾತಾಡದೆ ಕಳೆಯುವ ಯುವತಿಯೊಬ್ಬಳ ಬಗ್ಗೆ ಪತ್ರಿಕೆಯಲ್ಲಿ ಓದಿದ್ದೇ ಇದರ ಬೀಜ ಎಂದು ಲೇಖಕಿ ಹೇಳಿಕೊಂಡಿದ್ದಾರೆ. ಶೀರ್ಷಿಕೆಯೊಳಗಿನ ಕಹಿ ವ್ಯಂಗ್ಯಕ್ಕೆ ಇಂಗ್ಲಿಷಿನಲ್ಲಿ ಒಂದು ಇಡೀ ಕಾದಂಬರಿ ಬೇಕಾಗಿದೆ. ನಮಗಾದರೆ 'ಅಂತೆ' ಎನ್ನುವ ಬಾಲ ಸಾಕು.

ಸಣ್ಣ ಉರಿಯಲ್ಲಿ ಬೇಯುವ ಪ್ರೇಮಕತೆಗಳನ್ನು ಈಗಿನ ಓದುಗರು 'ಸ್ಲೋ ಬರ್ನ್' ಎನ್ನುತ್ತಾರೆ. ಅಂಥ ಕತೆಗಳಲ್ಲಿ ಮನಸ್ಸಿನ ಕಾಯಿಲೆ ಬಂದಾಗ ನನಗೊಂದು ಗುಮಾನಿ ತಪ್ಪದು. ಬಹಳ ಸಲ ಆ ಕಾಯಿಲೆಗೆ ಇರುವುದು ಒಂದೇ ಕೆಲಸ: ನಾಯಕ ನಾಯಕಿಯರನ್ನು ಮುನ್ನೂರು ಪುಟ ದೂರ ಇಡುವುದು. ಅಪ್ಪುಗೆಯ ಮರುದಿನ ಜಡತೆ, ಹೆದರಿಕೆ, ನಿದ್ದೆಗೇಡು ಎಲ್ಲ ಮಾಯ. ಒಲವೇ ಮದ್ದಾಯಿತು, ಕತೆ ಮುಗಿಯಿತು.

ಹನಿಮನ್ ಈ ಮೋಸವನ್ನು ಮೊದಲೇ ಬಯಲಿಗೆಳೆಯುತ್ತಾರೆ. ಎಲಿನರ್ ಒಬ್ಬ ಹಾಡುಗಾರನನ್ನು ವೇದಿಕೆಯ ಮೇಲೆ ಕಂಡು, ಒಂದು ಮಾತೂ ಆಡದೆ, ಇವನೇ ನನ್ನವನು ಎಂದು ನಿರ್ಧರಿಸಿಬಿಡುತ್ತಾಳೆ. ಅವನಿಗಾಗಿ ಬಟ್ಟೆ, ಬಣ್ಣ, ಕೂದಲಿನ ಸಿಂಗಾರ. ನಾವು ನಗುತ್ತೇವೆ. ಅವನ ಕಾರ್ಯಕ್ರಮದ ಸಭಾಂಗಣದಲ್ಲಿ ವೇದಿಕೆಯ ಹೊಗೆ ಎದ್ದಾಗ ಆ ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಅವಳ ಮುಖದ ಮೇಲಿನ ಸುಟ್ಟ ಕಲೆಯನ್ನು ಅಷ್ಟು ಹೊತ್ತಿಗೆ ನಾವು ಮರೆತಿರುತ್ತೇವೆ, ಅವಳು ಮರೆತಿರುವುದಿಲ್ಲ.

ನಿಜವಾದ ಸಣ್ಣ ಉರಿ ಇನ್ನೊಂದು ಕಡೆ ಹೊತ್ತಿರುತ್ತದೆ. ಆಫೀಸಿನ ಕಂಪ್ಯೂಟರ್ ರಿಪೇರಿಗೆ ಬರುವ ರೇಮಂಡ್ ಸಿಗರೇಟು ಸೇದುವವನು, ಬಾಯಿ ತೆರೆದುಕೊಂಡೇ ಅಗಿಯುವವನು. ಅವನ ಮೆಸೇಜುಗಳ ಕಾಗುಣಿತ ಕಂಡರೆ ಎಲಿನರ್‌ಗೆ ಮೈ ಉರಿಯುತ್ತದೆ. ರಸ್ತೆಯಲ್ಲಿ ಕುಸಿದುಬಿದ್ದ ಸ್ಯಾಮಿ ಎಂಬ ಮುದುಕನನ್ನು ಇಬ್ಬರೂ ಸೇರಿ ಎತ್ತಿದ್ದೇ ನೆಪವಾಗಿ ಆಸ್ಪತ್ರೆಗೆ ಹೋಗಿಬರುವುದು, ಜೊತೆಯಲ್ಲಿ ಊಟ, ಒಮ್ಮೆ ಅವನ ತಾಯಿಯ ಮನೆ. ಇಷ್ಟರಲ್ಲಿ ರೋಮಾಂಚನ ಪಡುವಂಥದ್ದು ಏನೂ ಇಲ್ಲ, ಆದರೆ ಈ ನಿಧಾನಕ್ಕೆ ಒಂದು ಕಾರಣವಿದೆ. ತನಗೊಬ್ಬರು ಚಹಾ ಮಾಡಿಕೊಡಬಹುದು ಎಂಬುದೇ ಗೊತ್ತಿಲ್ಲದವಳಿಗೆ ಅಕ್ಕರೆಯನ್ನು ಗುರುತಿಸುವುದಕ್ಕೇ ತಿಂಗಳುಗಳು ಹಿಡಿಯುತ್ತವೆ.

ನಾನು ಮತ್ತೆ ಮತ್ತೆ ತಿರುವಿ ಓದಿದ್ದು ಅವಳು ಕುಡಿದು, ಬದುಕು ಸಾಕೆಂದು ಮನೆಯಲ್ಲಿ ಬಿದ್ದಿರುವ ಭಾಗವನ್ನು. ರೇಮಂಡ್ ಬಾಗಿಲು ಬಡಿಯುತ್ತಾನೆ, ಒಳಗೆ ಬರುತ್ತಾನೆ, ಗಲೀಜು ಬಳಿದು ತೆಗೆಯುತ್ತಾನೆ, ಸೂಪು ತರುತ್ತಾನೆ. ಪ್ರೇಮನಿವೇದನೆ ಮಾಡುವುದಿಲ್ಲ. ಡಾಕ್ಟರ ಹತ್ತಿರ ಹೋಗು ಎಂದು ಒತ್ತಾಯಿಸುತ್ತಾನೆ. ಡಾಕ್ಟರು ಕಾಯಿಲೆಗೆ ಖಿನ್ನತೆ ಎಂಬ ಹೆಸರಿಟ್ಟು ರಜೆ ಬರೆದುಕೊಡುತ್ತಾರೆ. ಮುಂದಿನ ಕೆಲಸ ಆಪ್ತಸಲಹೆಗಾರ್ತಿ ಮರಿಯಾ ಟೆಂಪಲ್‌ರದು. ಬಾಗಿಲ ತನಕ ಜೊತೆಗಿರುವುದು ಯಾವುದು, ಒಳಗೆ ಕೂತು ಬಿಡಿಸಬೇಕಾದ ಗಂಟು ಯಾವುದು ಎಂಬ ಗೆರೆಯನ್ನು ಲೇಖಕಿ ಸ್ಪಷ್ಟವಾಗಿ ಎಳೆದಿದ್ದಾರೆ.

ತಕರಾರೂ ಇದೆ. ಪ್ರತಿ ಬುಧವಾರ ಎಲಿನರ್‌ ತಾಯಿಯ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ. ವಿಷ ಕಾರುವ ಮಾತು. ಆ ತಾಯಿ ಎಂದೋ ಬೆಂಕಿಯಲ್ಲಿ ಸತ್ತಿದ್ದಳೆಂದು ಕೊನೆಗೆ ತಿಳಿಯುತ್ತದೆ. ತಿರುವು ಜೋರಾಗಿದೆ, ಆದರೆ ಅದು ಕಾಯಿಲೆಯನ್ನು ಒಂದೇ ಕೀಲಿಗೆ ತೆರೆಯುವ ಬೀಗವಾಗಿಸಿಬಿಡುತ್ತದೆ. ಹಿಂದೆ ಯಾವ ಬೆಂಕಿಯೂ ಇಲ್ಲದೆ ಸುಮ್ಮನೆ ಮಂಕಾದವರು ಈ ಪುಸ್ತಕದಲ್ಲಿ ತಮ್ಮನ್ನು ಹುಡುಕಿದರೆ ಅರ್ಧಕ್ಕೇ ನಿಲ್ಲಬೇಕಾದೀತು. ಇನ್ನು ಎಲಿನರ್‌ಳ ಲೋಕಜ್ಞಾನ: ಹಾಸ್ಯ ಬೇಕಾದಾಗ ಕಡಿಮೆಯಾಗುತ್ತದೆ, ಕತೆಗೆ ಬೇಕಾದಾಗ ಹೆಚ್ಚುತ್ತದೆ.

ತ್ರಿವೇಣಿಯವರ 'ಶರಪಂಜರ' ಓದಿದವರಿಗೆ, ಅಥವಾ 1971ರ ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಅವರನ್ನು ಕಂಡವರಿಗೆ, ಇನ್ನೊಂದು ಕೊರತೆಯೂ ಕಾಣಬಹುದು. ಹೆರಿಗೆಯ ನಂತರ ಬುದ್ಧಿ ಕದಡಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಬರುತ್ತಾಳೆ. ಗುಣವಾಗದೆ ಉಳಿದದ್ದು ಮನೆಯವರ, ನೆರೆಹೊರೆಯವರ ಕಣ್ಣು. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಗೆ ಕಾಯಿಲೆಗಿಂತ ವಾಪಸಾತಿ ಕಠಿಣ ಎಂದು ಗೊತ್ತಿತ್ತು. ಎಲಿನರ್ ಮರಳಿದಾಗಲೋ ಬಾಸ್ ಬಾಬ್ ಅಕ್ಕರೆಯಿಂದ ಮಾತಾಡಿಸುತ್ತಾನೆ, ಆಫೀಸು ಮೆತ್ತಗಾಗಿದೆ. ಅಷ್ಟು ಸಲೀಸಾಗಿ ಮೆತ್ತಗಾಗುವ ಆಫೀಸನ್ನು ನಾನು ಕಂಡಿಲ್ಲ.

ಕೊನೆಗೂ ಇಬ್ಬರನ್ನು ಒಂದು ಮಾಡಲಿಲ್ಲವಲ್ಲ ಎಂದು ಗೊಣಗುವ ಓದುಗರಿದ್ದಾರೆ. ನಾನು ಹನಿಮನ್ ಪರ. ಪುಸ್ತಕದ ಮೊದಲ ಎರಡು ಭಾಗಗಳ ಹೆಸರು ಒಳ್ಳೆಯ ದಿನಗಳು, ಕೆಟ್ಟ ದಿನಗಳು. ಕೆಲವೇ ಪುಟಗಳ ಮೂರನೆಯದಕ್ಕೆ ಇನ್ನಷ್ಟು ಒಳ್ಳೆಯ ದಿನಗಳು ಎಂಬ ಹೆಸರಿದೆ, ಅಷ್ಟೆ. ಮದುವೆಯ ಮಂಟಪ ಇಲ್ಲ. ರೇಮಂಡ್ ತಂದುಕೊಟ್ಟ ಗ್ಲೆನ್ ಎಂಬ ಬೆಕ್ಕಿದೆ. ವಾರಾಂತ್ಯದಲ್ಲಿ ಅದಕ್ಕೆ ಹೊತ್ತುಹೊತ್ತಿಗೆ ಊಟ ಹಾಕಬೇಕು.